ಎಲ್ಕ್ ಮೇದ ಹುಲ್ಲಿಗೆ ದುಡ್ಡು ಯಾರು ಕೊಡಬೇಕು?

ಹಿಮದೂರಿನವ:
ಅಮೆರಿಕದ ಮೊಂಟಾನಾದಲ್ಲಿ, ಯೆಲ್ಲೊಸ್ಟೋನ್ ಉದ್ಯಾನದ ಉತ್ತರಕ್ಕಿರುವ ಪ್ಯಾರಡೈಸ್ ಕಣಿವೆಯಲ್ಲಿ ನನ್ನ ವಾಸ. ದನ ಸಾಕುವ ಜಮೀನಿನ ಮಗ್ಗುಲಲ್ಲೇ ಬಾಡಿಗೆ ಮನೆ. ಬೆಟ್ಟದಲ್ಲಿ ಹಿಮ ಕಟ್ಟಿತೆಂದರೆ ಎಲ್ಕ್‌ಗಳು ಹಿಂಡು ಹಿಂಡಾಗಿ ಕೆಳಗಿಳಿಯುತ್ತವೆ. ಜಿಂಕೆಯ ಕುಲದವೇ, ಆದರೆ ನಮ್ಮ ಕಡವೆಯನ್ನೂ ಮೀರಿಸುವ ಮೈಕಟ್ಟು. ಈ ಬೆಳಿಗ್ಗೆ ಬೇಲಿಯ ಮೇಲಿನ ತಂತಿ ಎರಡು ಕಂಬಗಳ ನಡುವೆ ನೆಲಕ್ಕೆ ಜೋತುಬಿದ್ದಿತ್ತು, ಮುಳ್ಳಿನ ತುಂಬ ಕಂದು ಕೂದಲು. ಹುಲ್ಲಿನ ಸುರುಳಿಗಳ ನೆತ್ತಿಯನ್ನಷ್ಟೇ ತಿಂದು, ಮಿಕ್ಕದ್ದನ್ನು ತುಳಿದು, ಮೇಲೆ ಉಚ್ಚೆ ಹೊಯ್ದು ಹೋಗಿದ್ದವು. ಅಂಥ ಹುಲ್ಲನ್ನು ದನ ಮೂಸಿಯೂ ನೋಡುವುದಿಲ್ಲ. ಪಕ್ಕದ ವಯೋಮಿಂಗ್ ಈ ನಷ್ಟಕ್ಕೆ ಪರಿಹಾರ ಕೊಡುತ್ತದೆ, ಮೊಂಟಾನಾ ಕೊಡುವುದಿಲ್ಲ. ಬಣವೆಗೆ ಬೇಲಿಯ ಸಾಮಗ್ರಿ ಸಿಗುತ್ತದೆ, ಅದೂ ಸಾರ್ವಜನಿಕರನ್ನು ಬೇಟೆಗೆ ಬಿಟ್ಟುಕೊಂಡವರಿಗೆ ಮಾತ್ರ. ಸಾಲದ್ದಕ್ಕೆ ಎಲ್ಕ್ ತಂದ ಬ್ರುಸೆಲ್ಲೋಸಿಸ್, ಅಂದರೆ ಹಸು ಕಂದು ಹಾಕುವ, ಗಬ್ಬ ಕಳೆದುಕೊಳ್ಳುವ ರೋಗ. ಎಲ್ಲರ ಸ್ವತ್ತಾದ ಪ್ರಾಣಿಯನ್ನು ಒಬ್ಬನೇ ಯಾಕೆ ಸಾಕಬೇಕು?

ತೋಟದಮನೆ:
ಒಬ್ಬನೇ ಸಾಕುವುದು ಎಂದರೇನೆಂದು ತೀರ್ಥಹಳ್ಳಿಗೆ ಬಂದು ನೋಡಿ. ಕಾಟಿ ನುಗ್ಗಿ ಅಡಿಕೆ ಸಸಿಗಳನ್ನು ನೆಲಸಮ ಮಾಡಿದರೂ ಕೋವಿ ಎತ್ತುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಕುತ್ತಿಗೆಗೆ ಬರುತ್ತದೆ. ನಿಮ್ಮಲ್ಲಿ ಪರವಾನಗಿ ಪಡೆದು ಹೊಡೆಯಬಹುದು, ಮಾಂಸ ಫ್ರೀಜರಿಗೆ ಸೇರುತ್ತದೆ. ಅಳುವುದಕ್ಕೂ ಒಂದು ಮಿತಿ ಬೇಡವೇ?

ಪಾಟೀಸವಾಲು:
'ಎಲ್ಲರ ಸ್ವತ್ತು' ಎಂದು ನೀವೇ ಬರೆದಿದ್ದೀರಿ, ಅಲ್ಲಿಗೆ ದಾವೆ ಮುಗಿಯಿತು. ಎಲ್ಕ್ ಕೊಂದ ಜಮೀನುದಾರನೊಬ್ಬನ ಪ್ರಕರಣದಲ್ಲಿ 1940ರಲ್ಲೇ ಮೊಂಟಾನಾ ಸುಪ್ರೀಂ ಕೋರ್ಟ್ ಹೇಳಿದೆ: ಈ ರಾಜ್ಯದಲ್ಲಿ ಜಮೀನು ಕೊಳ್ಳುವವನು ಕಾಡುಪ್ರಾಣಿ ಇದೆಯೆಂದು ತಿಳಿದೇ ಕೊಳ್ಳುತ್ತಾನೆ, ಅವುಗಳಿಂದಾಗುವ ಒಂದಷ್ಟು ನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ.

ಹಿಮದೂರಿನವ:
ತೀರ್ಪಿನ ಕೊನೆಯನ್ನು ಓದದೆ ಬಿಟ್ಟಿರಾ ವಕೀಲರೇ? ಆ ಜಮೀನುದಾರನ ಶಿಕ್ಷೆಯನ್ನು ಅದೇ ಕೋರ್ಟ್ ರದ್ದು ಮಾಡಿತು. ಬೇರೆ ದಾರಿಯಿಲ್ಲದಾಗ ಆಸ್ತಿ ಕಾಯ್ದುಕೊಳ್ಳುವ ಹಕ್ಕಿದೆ ಎಂದಿತು.

ಪಾಟೀಸವಾಲು:
'ಬೇರೆ ದಾರಿಯಿಲ್ಲದಾಗ.' ಅಡಿಗೆರೆ ಎಳೆದು ಓದಿಕೊಳ್ಳಿ. ಎಂಟಡಿ ಬೇಲಿ ಒಂದು ದಾರಿ.

ಕಾಡುಪಾಪ:
ಎಲ್ಲರೂ ಒಂದು ಸುಳ್ಳನ್ನು ದಾಟಿ ಹೋಗುತ್ತಿದ್ದೀರಿ. 'ಎಲ್ಕ್ ತಂದ' ರೋಗವಂತೆ! ಅದನ್ನು ತಂದದ್ದು ಯುರೋಪಿನವರು ಹೊಡೆದುಕೊಂಡು ಬಂದ ದನ. ಯೆಲ್ಲೊಸ್ಟೋನ್‌ನ ಬೈಸನ್‌ಗಳಲ್ಲಿ ರೋಗ ಪತ್ತೆಯಾದದ್ದು 1917ರಲ್ಲಿ. ಕೊಟ್ಟವನೇ ಇಸಿದುಕೊಂಡವನ ಮೇಲೆ ದೂರು ಹೇಳುವುದನ್ನು ಇಲ್ಲಿ ಮಾತ್ರ ನೋಡಿದೆ.

ಹಳೇ ಪಶುವೈದ್ಯ:
ನೂರು ವರ್ಷದ ಹಿಂದೆ ಯಾರು ತಂದರೆಂಬುದು ಚರಿತ್ರೆ ಮೇಷ್ಟರ ಪ್ರಶ್ನೆ, ಕೊಟ್ಟಿಗೆಯದಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ತೆರೆಯಿರಿ. 1998ರಿಂದೀಚೆಗೆ ವಯೋಮಿಂಗ್, ಐಡಹೊ, ಮೊಂಟಾನಾದ 22 ದನದ ಹಿಂಡುಗಳಿಗೂ 5 ಸಾಕು ಬೈಸನ್ ಹಿಂಡುಗಳಿಗೂ ರೋಗ ತಗುಲಿದ್ದು ಎಲ್ಕ್‌ನಿಂದ. ಚಳಿಗಾಲದ ಕೊನೆಗೆ ಎಲ್ಕ್ ಕಂದು ಹಾಕುತ್ತದೆ, ಮಾಸು ಹುಲ್ಲುಗಾವಲಿನಲ್ಲೇ ಬಿದ್ದಿರುತ್ತದೆ. ಗಬ್ಬದ ಹಸು ಹೋಗಿ ನೆಕ್ಕುತ್ತದೆ. ಅಷ್ಟು ಸಾಕು. 2008ರಲ್ಲಿ ಮೊಂಟಾನಾ 'ರೋಗಮುಕ್ತ ರಾಜ್ಯ' ಎಂಬ ಮಾನ್ಯತೆ ಕಳೆದುಕೊಂಡು, ಮರುವರ್ಷ ಪಡೆಯುವ ತನಕ ಸಾಕಣೆದಾರರ ಪಾಡು ಏನಾಗಿತ್ತೆಂದು ಯಾರಾದರೂ ಕೇಳಿದ್ದೀರಾ?

ಕಾಡುಪಾಪ:
'ಚಳಿಗಾಲ' ಎಂದಿರಲ್ಲ, ಸಂತೋಷ. ಚಳಿಗಾಲದಲ್ಲಿ ಎಲ್ಕ್‌ಗಳನ್ನು ಒಂದೆಡೆ ಗುಡ್ಡೆ ಹಾಕುವವರು ಯಾರು? ವಯೋಮಿಂಗ್‌ನಲ್ಲಿ ಹುಲ್ಲು ಹಾಕಿ ಸಾಕುವ ಸರ್ಕಾರಿ ತಾಣಗಳೇ ಇವೆ, 1912ರ ಎಲ್ಕ್ ಆಶ್ರಯಧಾಮ ಬೇರೆ. ದನದವರ ಬಣವೆಗೆ ಬಾಯಿ ಹಾಕದಿರಲಿ ಎಂಬುದೂ ಅದಕ್ಕೊಂದು ಕಾರಣ. ಜಾತ್ರೆಯ ಹಾಗೆ ಸೇರಿಸಿದರೆ ರೋಗ ಹರಡದೆ ಇನ್ನೇನು?

ಹಿಮದೂರಿನವ:
ಮೊಂಟಾನಾದಲ್ಲಿ ಅಂಥ ತಾಣ ಒಂದೂ ಇಲ್ಲ. ನಕ್ಷೆ ನೋಡಿ ಬರೆಯಿರಿ.

ಕಾಡುಪಾಪ:
ನಕ್ಷೆ ಎಲ್ಕ್‌ಗೆ ಕೊಡಿ, ಗಡಿ ದಾಟದಿರಲಿ. ಸಂಖ್ಯೆಯನ್ನೂ ಹೇಳಿಬಿಡುತ್ತೇನೆ. ಯೆಲ್ಲೊಸ್ಟೋನ್‌ನ ಉತ್ತರದ ಹಿಂಡು 1994ರಲ್ಲಿ ಸುಮಾರು 19 ಸಾವಿರ, 2013ರಲ್ಲಿ 4 ಸಾವಿರಕ್ಕೂ ಕಡಿಮೆ. ಇಷ್ಟಕ್ಕೆ ಹಾಹಾಕಾರ!

ಹಿಮದೂರಿನವ:
ಒಂದು ಹಿಂಡನ್ನು ಆರಿಸಿಕೊಂಡು, 2013ಕ್ಕೆ ಪುಸ್ತಕ ಮುಚ್ಚಿದಿರಿ. ಇಡೀ ಮೊಂಟಾನಾದಲ್ಲಿ ಇಷ್ಟಿದ್ದರೆ ಸಾಕೆಂದು ರಾಜ್ಯ ಹಿಂದೆ ಹಾಕಿಕೊಂಡಿದ್ದ ಗುರಿ ಸುಮಾರು 92 ಸಾವಿರ, ಇರುವುದು 1.4 ಲಕ್ಷದ ಆಸುಪಾಸು. ತೋಟದಮನೆಯವರ ಫ್ರೀಜರಿಗೂ ಉತ್ತರ ಇಲ್ಲೇ ಇದೆ: ಬೇಟೆಯ ಕಾಲದಲ್ಲಿ ಅವು ಶ್ರೀಮಂತರು ವಿಹಾರಕ್ಕೆಂದು ಕೊಂಡ ಜಮೀನುಗಳಲ್ಲಿ ಅಡಗುತ್ತವೆ. ಅಲ್ಲಿ ಬೇಟೆಗಾರರಿಗೆ ಪ್ರವೇಶವಿಲ್ಲ. ಮುಖ್ಯ ಋತು ನವೆಂಬರ್ ಕೊನೆಗೆ ಮುಗಿಯುತ್ತದೆ, ಆಮೇಲೆ ನಮ್ಮ ಪಕ್ಕದವನ ಹುಲ್ಲಿಗೆ ಬರುತ್ತವೆ.

ಪಾಟೀಸವಾಲು:
ಹಾಗಾದರೆ ದೂರು ಶ್ರೀಮಂತರ ಮೇಲೆ, ಎಲ್ಕ್ ಮೇಲಲ್ಲ. ಆರೋಪಿಯನ್ನು ಬದಲಿಸಿ.

ಹಳೇ ಪಶುವೈದ್ಯ:
ಕಾಡುಪಾಪ ಅವರೇ, 1917 ಎಂಬುದು ಪತ್ತೆಯಾದ ವರ್ಷ. ಬಂದ ವರ್ಷವಲ್ಲ, ಬಂದ ದಾರಿಗೆ ಪುರಾವೆಯೂ ಅಲ್ಲ.

ಕಾಡುಪಾಪ:
ಪುರಾವೆ ಬೇಕೇ? 2016ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಆ ಪ್ರದೇಶಕ್ಕೆ ರೋಗಾಣು ದನಗಳಿಂದ ಕನಿಷ್ಠ ಐದು ಸಲ ಬಂದಿದೆ. ಒಂದಲ್ಲ, ಐದು!

ಹಳೇ ಪಶುವೈದ್ಯ:
ಅದೇ ಅಧ್ಯಯನದ ಮುಂದಿನ ಮಾತನ್ನು ನುಂಗಿದ್ದೀರಿ. ಈಗ ರೋಗಾಣು ನೆಲೆ ನಿಂತಿರುವುದು ಎಲ್ಕ್‌ನಲ್ಲಿ, ಹರಡುತ್ತಿರುವುದೂ ಅಲ್ಲಿಂದ. ಅರ್ಧ ಓದಿ ಪೂರ್ತಿ ಮಾತಾಡುವುದು ಈಚೆಗೆ ಒಂದು ವಿದ್ಯೆಯಾಗಿದೆ.

ಕಾಡುಪಾಪ:
ನಿಮ್ಮ ನೌಕರಿಯುದ್ದಕ್ಕೂ ದನದ ಮಾಲೀಕರ ಚಹಾ ಕುಡಿದವರಿಗೆ ಕಾಡು ಅಪರಾಧಿಯಾಗಿಯೇ ಕಾಣುತ್ತದೆ.

ಹಳೇ ಪಶುವೈದ್ಯ:
ಚಹಾದ ಮಾತು ಬೇಡ. ಬರಿಗೈಯಲ್ಲಿ ಮಾಸು ತೆಗೆದು, ಇದೇ ರೋಗ ಅಂಟಿಸಿಕೊಂಡು, ಜ್ವರದಲ್ಲಿ ಬೆವತು, ಕೀಲುನೋವಿನಿಂದ ನರಳಿದ ಸಹೋದ್ಯೋಗಿಗಳನ್ನು ನಾನು ನೋಡಿದ್ದೇನೆ. ನಿಮಗೆ ಇದು ಗ್ರಂಥಾಲಯದ ರೋಗ.

ತೋಟದಮನೆ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಲಸಿಕೆ ಎಂಬುದೊಂದಿಲ್ಲವೇ? ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಕಾರ್ಯಕ್ರಮ ಶುರು ಮಾಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಪುಕ್ಕಟೆ ಹಾಕಿಸುತ್ತಿದೆ. ಅಷ್ಟು ದೊಡ್ಡ ಅಮೆರಿಕಕ್ಕೆ ಗತಿಯಿಲ್ಲವೇ?

ಹಳೇ ಪಶುವೈದ್ಯ:
ಇದೆ. ನಮ್ಮಲ್ಲಿ ಎಸ್-19, ಅಲ್ಲಿ ಆರ್‌ಬಿ-51. ಕಂದು ಹಾಕುವುದು ಕಡಿಮೆಯಾಗುತ್ತದೆ, ಸೋಂಕು ಪೂರ್ತಿ ನಿಲ್ಲುವುದಿಲ್ಲ. ವಯೋಮಿಂಗ್‌ನವರು ಮೇವಿನ ತಾಣಗಳಲ್ಲಿ ಎಲ್ಕ್‌ಗೂ ದೂರದಿಂದ ಲಸಿಕೆಯ ಗುಂಡು ಹೊಡೆದು ನೋಡಿದರು. ಫಲ ಕಾಣದೆ ಕೈಬಿಟ್ಟರು.

ಕಾಡುಪಾಪ:
'ಕೈಬಿಟ್ಟರು.' ಇನ್ನೇನು ಹೇಳಲಿ?

ಪಾಟೀಸವಾಲು:
ದುಡ್ಡಿನ ಪ್ರಶ್ನೆ ಎಲ್ಲಿ ಹೋಯಿತು? ಮೊಂಟಾನಾದ ಬೋಜ್‌ಮನ್ ಊರಿನ ಪರ್ಕ್ ಎಂಬ ಖಾಸಗಿ ಸಂಶೋಧನಾ ಸಂಸ್ಥೆ ಇದೇ ಕಣಿವೆಯಲ್ಲಿ ಚಳಿಗಾಲಕ್ಕೆ ಎಲ್ಕ್‌ಗೆ ಜಾಗ ಬಿಟ್ಟುಕೊಡುವ ಜಮೀನುದಾರನೊಂದಿಗೆ ಹಣದ ಒಪ್ಪಂದ ಮಾಡಿಕೊಂಡಿದೆ. ಅಂದರೆ ಖಾಸಗಿಯವರು ಕೊಡಬಹುದು. ಸರ್ಕಾರವೇ ಯಾಕೆ?

ಹಿಮದೂರಿನವ:
'ಬಹುದು' ಎಂಬುದರ ಮೇಲೆ ದನ ಸಾಕಲಾಗುವುದಿಲ್ಲ.

ಹಳೇ ಪಶುವೈದ್ಯ:
ತೋಟದಮನೆಯವರೇ, ಸರ್ಕಾರ ಪುಕ್ಕಟೆ ಹಾಕುತ್ತದೆ ಎಂದಿರಿ. ನಿಮ್ಮ ಕರುವಿಗೆ ಹಾಕಿಸಿದ್ದೀರಾ?

ತೋಟದಮನೆ:
ಚರ್ಚೆ ಮೊಂಟಾನಾದ್ದು. ನನ್ನ ಕೊಟ್ಟಿಗೆಗೆ ಬರಬೇಡಿ.

ಪಾಟೀಸವಾಲು:
ಸಾಕ್ಷಿ ಉತ್ತರ ಕೊಡಲಿಲ್ಲ ಎಂದು ದಾಖಲಾಗಲಿ.

ತೋಟದಮನೆ:
ಹಾಕಿಸಿದ್ದೇನೆ ಮಹಾರಾಯರೇ! ಕಿವಿಯಲ್ಲಿ ಹಳದಿ ಓಲೆಯೂ ಇದೆ. ಫೋಟೊ ಹಾಕಲೇ?

ಹಳೇ ಪಶುವೈದ್ಯ:
ಹಾಕಿ. ಓಲೆಯ ಹನ್ನೆರಡೂ ಅಂಕಿ ಕಾಣುವಂತಿರಲಿ.