ಮರು: ತುರ್ತು – ಫಲಕಕ್ಕೆ ‘ಕೈಗೊಡಲಿ’ ಸಾಕೇ?

> ಕರಕುಶಲ ಮೇಳದಲ್ಲಿ ಕಮ್ಮಾರರೊಬ್ಬರು ಜನರ ಎದುರೇ ಕೊಡಲಿ ಮಾಡಿ ತೋರಿಸಲಿದ್ದಾರೆ. ಫಲಕ ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ‘ಹ್ಯಾಂಡ್ ಫೋರ್ಜ್ಡ್ ಆಕ್ಸ್’ ಎಂಬುದಕ್ಕೆ ‘ಕೈಗೊಡಲಿ’ ಎಂದು ಬರೆದಿದ್ದೇನೆ. ಸಾಕೇ? ಕೆಳಗಿನ ವಿವರಣೆಯಲ್ಲಿ ‘ಹಾರ್ಡನಿಂಗ್’, ‘ಟೆಂಪರಿಂಗ್’ ಎರಡೂ ಬರುತ್ತವೆ. ನನ್ನ ಬಳಿಯಿರುವ ನಿಘಂಟು ಎರಡಕ್ಕೂ ‘ಹದಗೊಳಿಸುವುದು’ ಎನ್ನುತ್ತದೆ. ಕಾವು (ಮರದ ಹಿಡಿ) ತೂರುವ ತೂತಿಗೆ ಇಂಗ್ಲಿಷಿನಲ್ಲಿ ‘ಐ’; ‘ಕಣ್ಣು’ ಎಂದರೆ ನಗುತ್ತಾರೆಯೇ?

ಸಾಲದು. ‘ಕೈಗೊಡಲಿ’ ಎಂದೋ ಬೇರೆಯವರ ಪಾಲಾಗಿದೆ. ಪುರಾತತ್ತ್ವದವರು ಅದನ್ನು ಹಳೆ ಶಿಲಾಯುಗದ ಕಲ್ಲಿನ ಉಪಕರಣಕ್ಕೆ ಬರೆದುಕೊಟ್ಟಿದ್ದಾರೆ. ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದ ಕಡೆ ಸಿಕ್ಕ, ಹತ್ತು ಲಕ್ಷ ವರ್ಷಕ್ಕೂ ಹಿಂದಿನವೆಂದು ಹೇಳುವ ಸುಣ್ಣಕಲ್ಲಿನ ಕೈಗೊಡಲಿಗಳಿಗೆ ಕಾವೂ ಇಲ್ಲ, ಕಬ್ಬಿಣವೂ ಇಲ್ಲ. ನಿಮ್ಮ ಫಲಕ ನೋಡಿ ಯಾರಾದರೂ ಇತಿಹಾಸದ ಮೇಷ್ಟರು ಮಕ್ಕಳನ್ನು ಸಾಲಾಗಿ ಕರೆತಂದರೆ ತಪ್ಪು ಅವರದಲ್ಲ.

ಅದನ್ನು ಬಿಟ್ಟರೂ ಸಮಾಸವೇ ನಿಮ್ಮ ಅರ್ಥಕ್ಕೆ ಒಗ್ಗುವುದಿಲ್ಲ. ಉತ್ತರಪದ ಕೆಲಸವಾಗಿದ್ದರೆ ‘ಕೈ’ ಮಾಡುವವನದು: ಕೈಬರಹ, ಕೈಕಸೂತಿ. ವಸ್ತುವಾಗಿದ್ದರೆ ‘ಕೈ’ ಹಿಡಿಯುವವನದು, ಇಲ್ಲವೇ ತೊಡುವವನದು: ಕೈಚೀಲ, ಕೈಗಡಿಯಾರ, ಕೈಕೋಳ. ಕೈಗೊಡಲಿಯೂ ಈ ಎರಡನೆಯ ಸಾಲಿನದೇ. ಒಂದೇ ಕೈಯಲ್ಲಿ ಬೀಸುವ ಪುಟ್ಟ ಕೊಡಲಿ ಎಂದು ಓದುತ್ತಾರೆಯೇ ಹೊರತು, ಕಮ್ಮಾರನ ಕೈ ಯಾರಿಗೂ ನೆನಪಾಗುವುದಿಲ್ಲ.

ನಿನ್ನೆ ಒಬ್ಬರು ‘ಎರಕದ ಕೊಡಲಿ’ ಸೂಚಿಸಿದರು. ಎರಕ ಹೊಯ್ಯುವುದು ಅಚ್ಚಿಗೆ. ಇದು ಬಡಿದು ಮಾಡಿದ್ದು. ಮುಂದಿನದು. ಮತ್ತೊಬ್ಬರ ಮೊಬೈಲ್ ಕೊಟ್ಟ ‘ಕೈಯಿಂದ ನಕಲಿ ಮಾಡಿದ ಕೊಡಲಿ’ಗೆ ಉತ್ತರ ಬೇಕಿಲ್ಲ, ‘ಫೋರ್ಜರಿ’ಯ ನೆಂಟಸ್ತನ ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿದಿದೆ.

ಕ್ರಿಯಾಪದ ನಮ್ಮಲ್ಲೇ ಇದೆ: ಹಣಿ. ನಮ್ಮ ಅಜ್ಜ ಮಳೆಗಾಲಕ್ಕೆ ಮುಂಚೆ ನೇಗಿಲ ಗುಳವನ್ನು ಹೆಗಲಿಗೇರಿಸಿಕೊಂಡು ಹೋಗಿ ‘ಹಣಿಸಿಕೊಂಡು’ ಬರುತ್ತಿದ್ದರು. ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ರೂಪಕ್ಕೆ ತರುವುದೆಲ್ಲ ಆ ಒಂದು ಮಾತಿನಲ್ಲಿತ್ತು. ಈಗ ಪತ್ರಿಕೆಗಳಲ್ಲಿ ‘ಹಣಿಯುವುದು’ ಎದುರಾಳಿ ಪಕ್ಷವನ್ನು ಮಾತ್ರ. ಕಬ್ಬಿಣಕ್ಕೂ ಸ್ವಲ್ಪ ಉಳಿಸೋಣ.

‘ಹದ’ದ ಪ್ರಶ್ನೆಯೇ ನಿಜವಾಗಿ ಗಟ್ಟಿಯಾದದ್ದು, ಯಾರೂ ಅದನ್ನು ಮುಟ್ಟಿಲ್ಲ. ಹಳಗನ್ನಡದ ‘ಪದ’ವೇ ‘ಹದ’. ತೆಲುಗಿನ ಪದನು, ತಮಿಳಿನ ಪದಮ್ ಅದರ ಒಡಹುಟ್ಟುಗಳು. ತಕ್ಕ ಸ್ಥಿತಿ ಎಂದರ್ಥ. ಮಣ್ಣಿಗೆ, ಪಾಕಕ್ಕೆ, ಮಾತಿಗೆ, ಉಕ್ಕಿಗೆ ಎಲ್ಲಕ್ಕೂ ಹದವುಂಟು. ಎಲ್ಲಕ್ಕೂ ಸಲ್ಲುವುದರಿಂದಲೇ ನಿಮ್ಮ ಎರಡು ಹಂತಗಳನ್ನು ಅದು ಬೇರ್ಪಡಿಸಲಾರದು.

ಕಳೆದ ವರ್ಷ ಒಂದು ಕುಲುಮೆಯಲ್ಲಿ ಅರ್ಧ ದಿನ ಕುಳಿತಿದ್ದೆ. ಕೊಡಲಿಯ ಬಾಯಿ ಕೆಂಪೇರಿದಾಗ ಕಮ್ಮಾರರು ಅಯಸ್ಕಾಂತ ತಾಗಿಸಿ ನೋಡಿದರು, ಹಿಡಿಯಲಿಲ್ಲ. (ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಒಲಿಯುವುದಿಲ್ಲ.) ಇನ್ನಷ್ಟು ಕಾಯಿಸಿ, ಬಾಯನ್ನು ಎರಡು ಬೆರಳಿನಷ್ಟು ಮಾತ್ರ ನೀರಿಗೆ ಅದ್ದಿದರು. ಆ ಕ್ಷಣದಲ್ಲಿ ಅದು ಗಾಜಿನಂತೆ: ಗಡಸು, ಆದರೆ ಮರದ ಗಂಟಿಗೆ ತಾಗಿದರೆ ಚಕ್ಕೆ ಏಳುತ್ತದೆ. ಒಡನೆಯೇ ಸಾಣೆಕಲ್ಲಿನ ಚೂರಿನಿಂದ ಉಜ್ಜಿ ಬಾಯನ್ನು ಬೆಳ್ಳಗೆ ಮಾಡಿದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ಅಂಚಿನ ಕಡೆಗೆ ತೆವಳತೊಡಗಿತು. ಮುಂದೆ ಒಣಹುಲ್ಲಿನ ಬಣ್ಣ, ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣ ಗಾಢವಾಗಿ ಅಂಚು ಮುಟ್ಟಿತು, ಅಂದರೆ ಸುಮಾರು 240 ಡಿಗ್ರಿ. ಪೂರ್ತಿ ಮುಳುಗಿಸಿಬಿಟ್ಟರು. ನೀಲಿ ಬರುವವರೆಗೆ, ಎಂದರೆ 300ರ ಹತ್ತಿರದವರೆಗೆ, ಬಿಟ್ಟಿದ್ದರೆ ಅಂಚು ಮೆತ್ತಗಾಗುತ್ತಿತ್ತು.

‘ಮೊದಲು ಏರಿಸಬೇಕು, ಆಮೇಲೆ ಇಳಿಸಬೇಕು’ ಎಂದರು. ಏನನ್ನು ಎಂದು ಕೇಳಿದೆ. ‘ಗಡಸನ್ನು.’

ನಿಮಗೆ ಬೇಕಾದ ಜೋಡಿ ಅಲ್ಲಿದೆ: ‘ಹಾರ್ಡನಿಂಗ್’ಗೆ ಗಡಸು ಏರಿಸುವುದು, ‘ಟೆಂಪರಿಂಗ್’ಗೆ ಹದಕ್ಕೆ ಇಳಿಸುವುದು. ‘ದೃಢೀಕರಣ’ ಎಂದು ಸೂಚಿಸಿದವರು ದಯವಿಟ್ಟು ಅದನ್ನು ತಹಶೀಲ್ದಾರರ ಕಚೇರಿಗೆ ಹಿಂದಿರುಗಿಸಲಿ.

‘ಕಣ್ಣು’ ಧೈರ್ಯವಾಗಿ ಬಳಸಿ. ಸೂಜಿಗೆ, ಬಲೆಗೆ, ತೆಂಗಿನಕಾಯಿಗೆ, ಕಬ್ಬಿಗೆ ಕಣ್ಣಿರುವ ಭಾಷೆಯಲ್ಲಿ ಕೊಡಲಿಗೆ ಇದ್ದರೆ ಯಾರೂ ನಗುವುದಿಲ್ಲ.

> ‘ಕಮ್ಮಾರ’ ಸಂಸ್ಕೃತದ ‘ಕರ್ಮಾರ’. ಕನ್ನಡದ ಫಲಕದಲ್ಲಿ ಅದಕ್ಕೆ ಜಾಗವಿಲ್ಲ. ‘ಕಬ್ಬಿಣಗೆಯ್ಮೆಗ’ ಎಂದು ಹಾಕಿ.

ಮತ್ತೊಬ್ಬರು ಬರೆದ ಇದನ್ನು ಓದಿ ಆ ಕಮ್ಮಾರರು ತಮ್ಮ ಮಳಿಗೆ ಯಾವುದೆಂದು ತಿಳಿಯದೆ ಊರಿಗೆ ಮರಳಿಯಾರು. ‘ಕರ್ಮಾರ’ ಋಗ್ವೇದದಲ್ಲಿದೆ, ನಿಜ. ಆದರೆ ನಮ್ಮ ರೂಪ ಪ್ರಾಕೃತದ ದಾರಿಯದು. ಬುದ್ಧನಿಗೆ ಕೊನೆಯ ಊಟ ಬಡಿಸಿದ ಚುಂದನನ್ನು ಪಾಳಿ ಗ್ರಂಥಗಳು ‘ಕಮ್ಮಾರಪುತ್ತ’ ಎಂದೇ ಕರೆಯುತ್ತವೆ. ಅಷ್ಟು ದೂರ ನಡೆದು ಬಂದವನನ್ನು ಈಗ ಗುರುತಿನ ಚೀಟಿ ಕೇಳಿ ಬಾಗಿಲಲ್ಲಿ ನಿಲ್ಲಿಸುವುದೇ? ಅವನ ಕುಲುಮೆ, ತಿದಿ, ಸುತ್ತಿಗೆ ನಮ್ಮವು. ಅವನ ಹೆಸರು, ಅವನ ಸಾಣೆ ಬಂದವು. ಕೆಲಸ ಮಾಡುವಾಗ ಅವು ಜಗಳವಾಡಿದ್ದನ್ನು ನಾನು ಕಂಡಿಲ್ಲ.

‘ಕೊಡಲಿ’ಯೇ ‘ಕುಠಾರ’ದ ತದ್ಭವ, ಶಾಲೆಯ ಪಟ್ಟಿ ನೋಡಿ ಎಂದವರಿಗೆ: ಪಟ್ಟಿ ನೋಡಿದ್ದೇನೆ. ತೆಲುಗಿನ ಗೊಡ್ಡಲಿ, ತಮಿಳಿನ ಕೋಡಾಲಿಯನ್ನು ನೀವೂ ನೋಡಿ. ಕುಠಾರವೇ ದ್ರಾವಿಡದಿಂದ ಅತ್ತ ಹೋದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಇನ್ನು ಸಾಲದ ಲೆಕ್ಕವೇ ಬೇಕೆಂದರೆ, ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಭಾರತದ ಉಕ್ಕಿಗೆ ಕೊಟ್ಟ ಹೆಸರು ‘ವೂಟ್ಜ್’ ನಮ್ಮ ‘ಉಕ್ಕು’ ರೂಪಗೆಟ್ಟದ್ದು ಎಂದು ಹೆಚ್ಚಿನವರು ಒಪ್ಪುತ್ತಾರೆ. ಇಂಗ್ಲಿಷರು ಅದನ್ನು ಹಿಂದಿರುಗಿಸಿದ ದಿನ ನಾನೂ ‘ಕಮ್ಮಾರ’ನನ್ನು ಬಿಟ್ಟುಕೊಡುತ್ತೇನೆ.

ಫಲಕಕ್ಕೆ: ‘ಕುಲುಮೆಯಲ್ಲಿ ಕೈಯಾರೆ ಹಣಿದ ಕೊಡಲಿ’. ‘ಹಣಿದ’ ಎಂದರೆ ಪೇಟೆಯವರಿಗೆ ಚುನಾವಣೆಯೇ ನೆನಪಾಗುತ್ತದೆ ಎಂದು ಆಯೋಜಕರು ಹಿಂಜರಿದರೆ ‘ಬಡಿದ’ ಎಂದು ಹಾಕಿ, ನಾನು ಮುನಿಸಿಕೊಳ್ಳುವುದಿಲ್ಲ. ಮತ್ತೆ, ನೀವು ಲಗತ್ತಿಸಿದ ಕರಡಿನಲ್ಲಿ ‘ಕುಲುಮೆ’ ಎರಡು ಕಡೆ ‘ಕುಲುಮೇ’ ಆಗಿದೆ. ತಿದ್ದಿ ಕಳುಹಿಸಿ.