ಸ್ವರ ‘ಹೊಸೆಯುವುದು’: ಚಿಪ್‌ಟ್ಯೂನಿನ ಆರ್ಪೆಜಿಯೋಗೆ ಈ ಪದ ಹೊಂದುತ್ತದೆಯೇ?

ಗೆಳೆಯರೇ,

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳ ಧಾಟಿಯಲ್ಲಿ ಕಟ್ಟುವ ಸಂಗೀತಕ್ಕೆ ಚಿಪ್‌ಟ್ಯೂನ್ ಅಂತಾರೆ. ಹಾಸನದಲ್ಲಿ ನಮ್ಮ ಬೀದಿಯ ಕೆಲವು ಮಕ್ಕಳಿಗೆ ಇದನ್ನು ಹೇಳಿಕೊಡುತ್ತಿದ್ದೇನೆ. ಅವರಿಗೋಸ್ಕರ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬೇಕಾದ ಪದಗಳು ಹೆಚ್ಚಿನವು ಸಲೀಸಾಗಿ ಸಿಕ್ಕವು. ಆರ್ಪೆಜಿಯೋ, ಅಂದರೆ ಕೆಲವು ಸ್ವರಗಳನ್ನು ಸರಸರನೆ ಬದಲಿಸಿ ಒಂದೇ ನಾದ ಅನ್ನಿಸುವ ಉಪಾಯ, ಅದರ ಪದದ ಬಗ್ಗೆ ಮಾತ್ರ ನಿಮ್ಮನ್ನೆಲ್ಲ ಕೇಳಲೇಬೇಕು.

ನಾವು ಬಳಸುವುದು ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಸದ್ದನ್ನು. 1983ರಲ್ಲಿ ಜಪಾನಿನಲ್ಲಿ ಬಂದ ಪೆಟ್ಟಿಗೆ ಅದು. ಒಳಗಿರುವ ರಿಕೋ 2ಎ03 ಚಿಪ್ಪಿಗೆ ಐದು ಚಾನೆಲ್, ಅಂದರೆ ಬೇರೆ ಬೇರೆಯಾಗಿ ಸದ್ದು ಹೊರಡಿಸುವ ಐದು ಭಾಗ. ಎರಡು ಪಲ್ಸ್, ಒಂದು ತ್ರಿಕೋನ (ಇವು ಅಲೆಯ ಆಕಾರದ ಹೆಸರು), ಒಂದು ನಾಯ್ಸ್ (ಸ್ವರವಿಲ್ಲದ ಬರೀ ಸದ್ದು). ಐದನೆಯದು ಮೊದಲೇ ಮುದ್ರಿಸಿಟ್ಟ ತುಣುಕನ್ನು ನುಡಿಸುತ್ತದೆ. ಚಾನೆಲ್‌ಗೆ ‘ದನಿ’ ಅಂತಲೇ ಬರೆದಿದ್ದೇನೆ. ಪಲ್ಸ್ ಆಗಲಿ ತ್ರಿಕೋನ ಆಗಲಿ, ಒಂದು ದನಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲದು. ಇದನ್ನು ನೆನಪಿಟ್ಟುಕೊಳ್ಳಿ.

ಸಂಗೀತದ ಪದಗಳಿಗೆ ನಾವು ದೂರ ಹೋಗಬೇಕಾಗಲಿಲ್ಲ. ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ ರುದ್ರಪಟ್ಟಣ ಇರುವ ಜಿಲ್ಲೆ ನಮ್ಮದು. ಪಾಠಕ್ಕೆ ಹೋಗುವ ಮಕ್ಕಳಿಗೆ ಗಮಕದ ಹೆಸರುಗಳು ಗೊತ್ತೇ ಇರುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದು ‘ಜಾರು’. ಸ್ವರವನ್ನು ಅಲುಗಿಸುವುದು ‘ಕಂಪಿತ’. ತ್ರಿಕೋನದ ದನಿ ಸಾಮಾನ್ಯವಾಗಿ ಕೆಳಗಿನ ಸ್ಥಾಯಿಯಲ್ಲೇ ಇರುತ್ತದೆ, ಹಾಗಾಗಿ ಅದರ ಸಾಲು ‘ಮಂದ್ರ’. ಈ ದನಿಗೆ ಸದ್ದು ಏರಿಸುವುದು, ಇಳಿಸುವುದು ಇಲ್ಲವೇ ಇಲ್ಲ. ನುಡಿಯುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಅದನ್ನೇ ಮೇಲಿಂದ ಕೆಳಕ್ಕೆ ಸರ್ರನೆ ಜಾರಿಸಿದರೆ ಒಳ್ಳೆಯ ಡ್ರಮ್ ಏಟು ಬರುತ್ತದೆ. ಇಲ್ಲಿ ‘ಜಾರು’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಭಿನ್ನರಾಶಿಯ ಪದಗಳು. ಪಲ್ಸ್ ಅಲೆ ಒಂದು ಸುತ್ತಿನಲ್ಲಿ ಎಷ್ಟು ಹೊತ್ತು ಮೇಲಿರುತ್ತದೆ ಅನ್ನುವುದರ ಮೇಲೆ ಅದರ ಬಣ್ಣ ನಿಂತಿದೆ. ಈ ಚಿಪ್ಪಿನಲ್ಲಿ ನಾಲ್ಕೇ ಆಯ್ಕೆ: ನೂರಕ್ಕೆ 12.5, 25, 50, 75. ಅಂದರೆ ಅರೆಕಾಲು, ಕಾಲು, ಅರ್ಧ, ಮುಕ್ಕಾಲು! ಅರೆಕಾಲು ತೆಳ್ಳಗೆ ಚುಚ್ಚುವ ಹಾಗೆ ಕೇಳುತ್ತದೆ, ಅರ್ಧ ಟೊಳ್ಳಾಗಿ ದುಂಡಗೆ ಕೇಳುತ್ತದೆ. ಕಾಲು ಮತ್ತು ಮುಕ್ಕಾಲು ಒಂದನ್ನೊಂದು ತಲೆಕೆಳಗು ಮಾಡಿದ ಅಲೆಗಳು, ಹಾಗಾಗಿ ಕಿವಿಗೆ ಎರಡೂ ಒಂದೇ. ಇಲ್ಲಿ ಹೆಸರು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣ ಇದೆ. 90ರ ದಶಕದಲ್ಲಿ ನಮ್ಮ ಕಡೆ ಮನೆಮನೆಯಲ್ಲಿ ಆಡುತ್ತಿದ್ದ ಟಿವಿ ಗೇಮ್‌ಗಳಲ್ಲಿ ಫ್ಯಾಮಿಕಾಮಿನ ನಕಲುಗಳೇ ಜಾಸ್ತಿ. ಅಂಥ ಕೆಲವು ನಕಲು ಚಿಪ್ಪುಗಳಲ್ಲಿ ಕಾಲು ಮತ್ತು ಅರ್ಧ ಅದಲುಬದಲಾಗಿವೆ. ಈ ಚಿಪ್ಪಿಗೆ ಸಂಗೀತ ಬರೆಯುವ ಫ್ಯಾಮಿಟ್ರ್ಯಾಕರ್ ತಂತ್ರಾಂಶದಲ್ಲಿ 1 ಅಂತ ಬರೆದರೆ ಕಾಲು. ಆದರೆ ಅಂಥ ಪೆಟ್ಟಿಗೆಯಲ್ಲಿ ಅದೇ 1 ಅರ್ಧವಾಗಿ ಕೇಳುತ್ತದೆ. ಕೈಪಿಡಿಯಲ್ಲಿ ‘ಕಾಲು’ ಅಂತ ಬರೆದರೆ ಗೊಂದಲವಿಲ್ಲ. ಸದ್ದಿನ ಮಟ್ಟಗಳೂ 16 ಇರುವುದರಿಂದ ‘ವೀಸ’ (ಹದಿನಾರನೇ ಒಂದು ಪಾಲು) ಬಳಸೋಣ ಅಂತ ಒಬ್ಬ ಸ್ನೇಹಿತರು ಹೇಳಿದರು. ಆಸೆಯಾಯಿತು, ಆದರೆ ಅಲ್ಲಿ ಸೊನ್ನೆಯೂ ಒಂದು ಮಟ್ಟ, ತುತ್ತತುದಿ 15. ಲೆಕ್ಕ ಕೂಡುವುದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಒಂದು ದನಿಗೆ ಒಂದೇ ಸ್ವರ ಅಂದೆನಲ್ಲ? ಸ, ಗ, ಪ ಮೂರೂ ಒಟ್ಟಿಗೆ ಬೇಕೆಂದರೆ ಮೂರು ದನಿ ಬೇಕು. ಅಷ್ಟು ಖರ್ಚು ಮಾಡುವ ಹಾಗಿಲ್ಲ. ಅದಕ್ಕೊಂದು ಉಪಾಯವಿದೆ. ಟ್ರ್ಯಾಕರ್‌ನಲ್ಲಿ ಸ್ವರದ ಪಕ್ಕ 047 ಅಂತ ಬರೆಯುತ್ತೇವೆ. ಸೊನ್ನೆ ಈ ಉಪಾಯದ ಗುರುತು. ಮೊದಲು ನುಡಿಯುವುದು ಹಿಡಿದ ಸ್ವರ. ವೀಣೆಯ ಲೆಕ್ಕದಲ್ಲಿ ಅಲ್ಲಿಂದ 4 ಮೆಟ್ಟಿಲು ಮೇಲೆ, ಆಮೇಲೆ 7 ಮೆಟ್ಟಿಲು ಮೇಲೆ. ಮಾಯಾಮಾಳವಗೌಳದ ಗಾಂಧಾರವೇ ಆ 4, ಪಂಚಮವೇ ಆ 7. ಸಾಧಾರಣ ಗಾಂಧಾರ ಬೇಕಿದ್ದರೆ 037. ಚಿಪ್ಪು ಸೆಕೆಂಡಿಗೆ 60 ಸಲ ಸ್ವರ ಬದಲಿಸುತ್ತದೆ: ಸ ಗ ಪ, ಸ ಗ ಪ, ಸ ಗ ಪ. ಸೆಕೆಂಡಿಗೆ 20 ಸುತ್ತು. ಕಿವಿಗೆ ಬಿಡಿ ಸ್ವರ ಹಿಡಿಯಲು ಆಗುವುದಿಲ್ಲ, ಮೂರೂ ಕೂಡಿ ಗುಳುಗುಳು ಅನ್ನುವ ಒಂದೇ ನಾದ ಕೇಳುತ್ತದೆ. ಮೂರೇ ದನಿಯ ಕಮೊಡೋರ್ 64 ಕಂಪ್ಯೂಟರಿನಲ್ಲೂ ಸಂಗೀತಗಾರರು ಇದನ್ನು ಧಾರಾಳವಾಗಿ ಬಳಸಿದರು.

ಇದಕ್ಕೆ ಆರ್ಪೆಜಿಯೋ ಅಂತಲೇ ಹೆಸರು. ಇಟಾಲಿಯನ್ ಪದ, ಹಾರ್ಪ್ ಮೀಟುವುದು ಅಂತ ಮೂಲ. ನಾನು ಮೊದಲು ‘ದಾಟು’ ಅಂತ ಬರೆದಿದ್ದೆ. ಸಂಗೀತ ಪಾಠದ ದಾಟು ವರಸೆಯಲ್ಲೂ ಸ್ವರ ಬಿಟ್ಟು ಸ್ವರ ಹಾರುತ್ತೇವೆ ಅಲ್ವಾ? ಆದರೆ ಅರಕಲಗೂಡು ಕಡೆಯ ಒಬ್ಬ ಹುಡುಗಿ, ಹಾಡುಗಾರಿಕೆ ಕಲಿಯುವವಳು, ಕೇಳಿದ ಕೂಡಲೇ ತಲೆಯಾಡಿಸಿದಳು. “ಅಣ್ಣಾ, ದಾಟುವಲ್ಲಿ ಒಂದೊಂದು ಸ್ವರಾನೂ ಬಿಡಿಯಾಗಿ ಕೇಳಿಸ್ಬೇಕು. ಇಲ್ಲಿ ಕೇಳಿಸ್ಲೇಬಾರ್ದು ಅಂತೀರಲ್ಲ.” ಅವಳ ಮಾತು ಸರಿ. ಎರಡೂ ಪೂರ್ತಿ ಉಲ್ಟಾ. ವಾದ್ಯದಲ್ಲಿ ಬಿಡಿಬಿಡಿಯಾಗಿ ನುಡಿಸುವ ಆರ್ಪೆಜಿಯೋಗೆ ದಾಟು ಹೊಂದಬಹುದು, ಚಿಪ್ಪಿನ ಈ ಉಪಾಯಕ್ಕಲ್ಲ.

ಈಗ ನನ್ನ ಮನಸ್ಸಿನಲ್ಲಿರುವುದು ‘ಹೊಸೆ’. ತೆಂಗಿನ ನಾರಿನ ಎಳೆಗಳನ್ನು ಹೊಸೆದರೆ ಒಂದೇ ಹಗ್ಗ ಆಗುವ ಹಾಗೆ, ಇಲ್ಲಿ ಮೂರು ಸ್ವರ ಸೇರಿ ಒಂದು ನಾದ. “ಸ ಗ ಪ ಹೊಸೆ” ಅಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಯಿತು. ‘ಹೆಣೆ’ಯನ್ನೂ ಯೋಚಿಸಿದೆ. ಹೆಣೆದ ಜಡೆಯಲ್ಲಿ ಕಾಲುಗಳು ಬೇರೆ ಬೇರೆಯಾಗಿ ಕಾಣುತ್ತವೆ, ಅದಕ್ಕೆ ಬಿಟ್ಟೆ. ‘ಹುರಿ’ ಅರ್ಥದಲ್ಲಿ ಹತ್ತಿರವಿದೆ. ಆದರೆ ಕಾಫಿ ಸೀಮೆಯಲ್ಲಿ “ಸ್ವರ ಹುರಿ” ಅಂದರೆ ಬಾಣಲೆಯೇ ನೆನಪಾಗುತ್ತದೆ.

‘ಹೊಸೆ’ಯ ಬಗ್ಗೆ ನನಗಿರುವ ಅನುಮಾನ ಎರಡು. ಬತ್ತಿ ಹೊಸೆಯುವಾಗ ಇರುವುದು ಒಂದೇ ಹತ್ತಿ, ಹಲವು ಎಳೆ ಇಲ್ಲ. ಹಾಗಾದರೆ ಈ ಪದದಲ್ಲಿ ‘ಹಲವು ಸೇರಿ ಒಂದಾಗುವುದು’ ನಿಜವಾಗಿ ಇದೆಯೇ? ಇನ್ನೊಂದು, “ಪದ್ಯ ಹೊಸೆದ” ಅನ್ನುವಾಗ ಸ್ವಲ್ಪ ಹಗುರ ಮಾಡುವ ದನಿ ಇದೆ. ಈ ಉಪಾಯ ಕಂಡುಕೊಂಡವರ ಜಾಣ್ಮೆಗೆ ಅದರ ಕರಿ ತಾಗಬಾರದು ಅಂತ ನನ್ನ ಆಸೆ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯವರು ದಯವಿಟ್ಟು ಹೇಳಿ. ನಿಮ್ಮಲ್ಲಿ ಒಂಟಿ ಎಳೆ ಮಾಡುವುದಕ್ಕೂ ಮೂರೆಳೆ ಸೇರಿಸಿ ಹಗ್ಗ ಮಾಡುವುದಕ್ಕೂ ಬೇರೆ ಬೇರೆ ಮಾತು ಇದೆಯೇ? ಇದ್ದರೆ ನನಗೆ ಬೇಕಿರುವುದು ಎರಡನೆಯದು. ನಾಮಪದವಾಗಿ ‘ಹೊಸೆತ’ ಅಂತ ಯಾರಾದರೂ ಆಡುವುದನ್ನು ಕೇಳಿದ್ದೀರಾ? ಹಾಗೇ ನಾಯ್ಸ್ ದನಿಗೆ ‘ಗದ್ದಲ’ಕ್ಕಿಂತ ‘ಮೊರೆತ’ ಇಡೋಣ ಅಂತಿದ್ದೇನೆ. ಗದ್ದಲದಲ್ಲಿ ಜನ ಇದ್ದಾರೆ, ಇಲ್ಲಿ ಇಲ್ಲ. ಬೇಡ ಅನ್ನುವವರಿದ್ದರೆ ಕಾರಣ ಬರೆಯಿರಿ.