ಹೊಳವು: ಮಳೆ ನಿಂತದ್ದಕ್ಕೋ, ಬೆಳಕು ಬಂದದ್ದಕ್ಕೋ?

ಹೊಳವು ಅನ್ನೋ ಪದದ ಬಗ್ಗೆ ಕೇಳ್ಬೇಕಿತ್ತು. ನಾನು ಹುಟ್ಟಿ ಬೆಳೆದಿದ್ದು ಶಿರಸಿ ಕಡೆ, ಮನೆ ಸುತ್ತ ಅಡಿಕೆ ತೋಟ, ಈಗ ಕೆಲಸದ ಮೇಲೆ ಕಾರವಾರದಲ್ಲಿದೀನಿ. ಮೊನ್ನೆ ಸಾಯಂಕಾಲ ಆಫೀಸ್ ಬಿಡೋ ಹೊತ್ತಿಗೆ ಜೋರು ಮಳೆ, ಪಕ್ಕದ ಟೇಬಲ್ಲಿನವ್ರು ಸ್ಕೂಟರ್ ಕೀ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ರು, ನಾನು "ತಡೀರಿ, ಸ್ವಲ್ಪ ಹೊಳವಾಗ್ಲಿ, ಆಮೇಲೆ ಹೊರಡಿ" ಅಂದೆ. ಅವ್ರು "ಇನ್ನೆಂತ ಹೊಳೆ ಆಗೋದು, ರಸ್ತೆ ಆಗ್ಲೇ ಹೊಳೆ ಆಗಿದೆಯಲ್ಲ" ಅಂದ್ರು. ಮನೇಲಿ ಕೊಂಕಣಿ ಮಾತಾಡೋರು, ಆದ್ರೆ ಓದಿದ್ದೆಲ್ಲ ಕನ್ನಡ ಶಾಲೇಲಿ, ಈ ಪದ ಮಾತ್ರ ಕೇಳೇ ಇಲ್ವಂತೆ. ಅಲ್ಲೇ ಇದ್ದ ಹುಬ್ಬಳ್ಳಿಯವ್ರಿಗೂ ಗೊತ್ತಿರ್ಲಿಲ್ಲ. ನಮ್ಮನೇಲಿ ಮಳೆಗಾಲ ಪೂರ್ತಿ ದಿನಕ್ಕೆ ಹತ್ತು ಸಲ ಬರೋ ಪದ ಘಟ್ಟ ಇಳಿದ ಕೂಡ್ಲೆ ಯಾರಿಗೂ ಗೊತ್ತಿಲ್ಲ ಅಂದ್ರೆ ನಂಗೆ ಒಂಥರಾ ಬೇಜಾರಾಯ್ತು, ಅದಕ್ಕೇ ಬರೀತಿದೀನಿ.

ಅರ್ಥ ಹೇಳಿ ಅಂದ್ರು. "ಮಳೆ ನಿಲ್ಲೋದು" ಅಂದೆ, ಅಂದ್ಕೂಡ್ಲೆ ಅದು ಸರಿ ಅಲ್ಲ ಅನ್ನಿಸ್ತು. ಮಳೆ ನಿಲ್ಲೋದಕ್ಕೆ ನಮ್ಮಲ್ಲಿ ಬೇರೆ ಮಾತಿವೆ. ಹನಿ ಕಡೀತು ಅಂದ್ರೆ ನೀರು ಬೀಳೋದು ನಿಂತಿದೆ ಅಷ್ಟೇ, ಮೋಡ ಹಾಗೇ ಕವ್ಕೊಂಡಿರ್ಬಹುದು, ಇನ್ನೈದು ನಿಮಿಷಕ್ಕೆ ಮತ್ತೆ ಬರ್ಬಹುದು. ಮಳೆ ಹೋಯ್ತು ಅಂದ್ರೆ ಆ ವರ್ಷದ ಮಳೆಗಾಲವೇ ಮುಗೀತು ಅಂತ. ಹೊಳವು ಇವೆರಡರ ನಡುವಿಂದು. ಜೋರು ಹನಿ ಕಡಿದು, ಮೋಡ ತೆಳುವಾಗಿ, ಅಂಗಳದಲ್ಲಿ ಬೆಳಕು ಕಾಣ್ಬೇಕು, ಬಿಸಿಲು ಬರ್ಲೇಬೇಕು ಅಂತಿಲ್ಲ. ಆಯಿ ಒಳಗಿಂದ "ಹೊಳವಾತನೋ ನೋಡು" ಅಂದ್ರೆ ನಾವು ಅಂಗಳಕ್ಕೆ ಕೈ ಚಾಚಿ ನೋಡ್ತಿರ್ಲಿಲ್ಲ, ತಲೆ ಎತ್ತಿ ಆಕಾಶ ನೋಡ್ತಿದ್ವಿ. ಸಣ್ಣ ತುಂತುರು ಬೀಳ್ತಾ ಇದ್ರೂ ಪಡುವಣ ಬೆಳ್ಳಗಾಗಿದ್ರೆ ಹೊಳವೇ.

ಇಷ್ಟು ಸೂಕ್ಷ್ಮ ಯಾಕೆ ಬೇಕಾಯ್ತು ಅಂದ್ರೆ ತೋಟದ ಕೆಲಸ ಪೂರ್ತಿ ಇದರ ಮೇಲೇ ನಿಂತಿದೆ. ಅಡಿಕೆ ಕೊಳೆತು ಉದುರೋ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕಲ್ಲ, ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಮೊದಲನೇ ಸಲದ್ದು ಮಳೆ ಹಿಡಿಯೋಕೆ ಮುಂಚೆಯೋ ಹಿಡಿಯೋ ಹೊತ್ತಿಗೋ ಮುಗಿದುಹೋಗುತ್ತೆ, ಅದಕ್ಕೆ ಯಾರೂ ಹೊಳವು ಕಾಯಲ್ಲ. ಕಷ್ಟ ಎರಡನೇದು. ಅದು 40-45 ದಿನ ಬಿಟ್ಟು ಹೊಡೀಬೇಕು, ಅಂದ್ರೆ ಸರಿಯಾಗಿ ಜುಲೈ ಕೊನೆ, ಪುಷ್ಯ ಮಳೆ, ಹಗಲೂ ರಾತ್ರಿ ಜಡಿ ಹಿಡ್ಕೊಂಡಿರೋ ಕಾಲ. ಒದ್ದೆ ಕೊನೆಗೆ, ಅಂದ್ರೆ ಅಡಿಕೆ ಗೊಂಚಲಿಗೆ, ಹೊಡೆದ್ರೆ ಔಷಧಿ ಅಂಟಲ್ಲ, ಹೊಡೆದ್ಮೇಲೆ ಒಣಗೋಕೂ ಒಂದಷ್ಟು ಹೊತ್ತು ಬೇಕು, ಮರ ಜಾರ್ತಿದ್ರೆ ಕೊನೆಗೌಡ (ಅಡಿಕೆ ಮರ ಹತ್ತೋ ಕೆಲಸದವ) ಹತ್ತೋ ಹಾಗೂ ಇಲ್ಲ. ಹಾಗಾಗಿ ಬ್ಯಾರೆಲ್ಲಲ್ಲಿ ನೀರು ತುಂಬಿಸಿಟ್ಟು ಇಡೀ ಮನೆ ಆಕಾಶ ನೋಡ್ತಾ ಕೂತಿರುತ್ತೆ. ಅಪ್ಪಯ್ಯ ಒಂದು ದಿನ ಕಾಫಿ ಲೋಟ ಅರ್ಧಕ್ಕೇ ಇಟ್ಟು "ಹೊಳವಾಯ್ದು, ಗೌಡಂಗೆ ಫೋನ್ ಮಾಡು" ಅಂತ ಎದ್ದು ಹೋಗಿದ್ದು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ವರ್ಷ ಹೊಳವು ಸಿಕ್ಕಿದ್ದು ಎರಡೇ ದಿನ, ಕೆಳಗಿನ ತೋಟಕ್ಕೆ ಹೊಡೆಯೋಕಾಗ್ಲಿಲ್ಲ, ಅಲ್ಲಿದೆಲ್ಲ ಕೊಳೆತು ಉದುರಿತು. ಪೇಪರಲ್ಲಿ "ಮಳೆ ಬಿಡುವು ನೀಡಿದೆ" ಅಂತ ಬರೀತಾರಲ್ಲ, ಅದನ್ನ ಓದಿದಾಗೆಲ್ಲ ಅನ್ಸುತ್ತೆ, ಬಿಡುವು ಅನ್ನೋದು ಮಳೆಯ ವಿಷಯ, ಹೊಳವು ಅನ್ನೋದು ಮಳೆಯಲ್ಲಿ ಸಿಕ್ಕಿಕೊಂಡ ಮನುಷ್ಯನ ವಿಷಯ. ಎರಡೂ ಒಂದೇ ಅಂತ ನಾನು ಒಪ್ಪಲ್ಲ.

ಇನ್ನು ಪದ ಹುಟ್ಟಿದ್ದು ಹೇಗೆ. ಹೊಳೆ ಅಂದ್ರೆ ಮಿನುಗು, ಬೆಳಗು ಅನ್ನೋ ಕ್ರಿಯಾಪದದಿಂದ್ಲೇ ಬಂದಿರ್ಬೇಕು, ಹಳಗನ್ನಡದ ಪೊಳೆ, ಪಾಲು ಹಾಲಾದ ಹಾಗೆ ಪೊಳೆ ಹೊಳೆ ಆಯ್ತು. ಹಾಗಿದ್ರೆ ಬರವಣಿಗೆಯಲ್ಲಿ "ಹೊಸ ಹೊಳಹು" ಅಂತೀವಲ್ಲ, ತಲೆಗೆ ಹೊಳೆದದ್ದು, ಅದೂ ಇದೂ ಒಂದೇ ಪದದ ಎರಡು ರೂಪ ಅಂತ ನನ್ನ ಊಹೆ. ಸುಳುಹು-ಸುಳಿವು, ನೆನಹು-ನೆನವು ಇದ್ದ ಹಾಗೆ ಹೊಳಹು-ಹೊಳವು. ಹಕಾರದ್ದು ಪುಸ್ತಕ ಸೇರ್ತು, ವಕಾರದ್ದು ತೋಟದಲ್ಲೇ ಉಳೀತು. ಬೆಳಕಿನ ಪದ ಅನ್ನೋದಕ್ಕೆ ನನ್ನ ಹತ್ರ ಇನ್ನೊಂದು ಆಧಾರ ಇದೆ: ರಾತ್ರಿ ಮಳೆ ನಿಂತ್ರೆ ನಮ್ಮನೇಲಿ ಹೊಳವಾಯ್ತು ಅಂತ ಅಂದಿದ್ದು ನಾನು ಕೇಳಿದ ನೆನಪಿಲ್ಲ, "ಹನಿ ಕಡೀತು" ಅಂತಾರೆ, ಇಲ್ಲಾ "ಮಳೆ ಕಡ್ಮೆ ಆತು" ಅಂತಾರೆ.

ಕರಾವಳೀಲಿ ಯಾಕಿಲ್ಲ ಅಂತ ಯೋಚ್ನೆ ಮಾಡ್ದೆ. ಇಲ್ಲೇನು ಮಳೆ ಕಡಿಮೆಯಾ, ಅಲ್ಲ. ಆದ್ರೆ ಆ ಪಕ್ಕದ ಟೇಬಲ್ಲಿನವ್ರು ಮೀನುಗಾರರ ಮನೆಯವ್ರು, ಅವ್ರ ಪ್ರಕಾರ ಸಮುದ್ರಕ್ಕೆ ಹೋಗೋರು ಮಳೆ ನೋಡಲ್ವಂತೆ, ಗಾಳಿ ನೋಡ್ತಾರಂತೆ, ಗಾಳಿ ಇಳಿದ್ರೆ ಮಳೆಯಲ್ಲೇ ಹೋಗ್ಬಹುದು, ಬಿಸಿಲಿದ್ರೂ ಗಾಳಿ ಇದ್ರೆ ಹೋಗೋ ಹಾಗಿಲ್ಲ. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ, 61 ದಿನ ಬೋಟು ದಡದಲ್ಲೇ. ಆದ್ರೆ ಕುಮಟಾ, ಹೊನ್ನಾವರದ ಒಳಗಡೆ ತೋಟ ಇರೋ ಊರುಗಳಲ್ಲಿ ಈ ಪದ ಇರ್ಬೇಕು ಅನ್ಸುತ್ತೆ.

ಹಾಗಾಗಿ ಕೇಳೋದು ಇಷ್ಟು. ನಿಮ್ಮೂರಲ್ಲಿ ಹೊಳವು ಇದೆಯಾ, ಇದ್ರೆ ಹೊಳವು ಅಂತೀರಾ ಬರೀ ಹೊಳ ಅಂತೀರಾ, ಅಂದ್ರೆ ಕೊನೇಲಿ ವು ಇದೆಯಾ ಇಲ್ವಾ (ನಮ್ಮ ಪಕ್ಕದ ಮನೆಯವ್ರು "ಹೊಳ ಆತು" ಅಂತಾರೆ), ಸಾಗರ ತೀರ್ಥಹಳ್ಳಿ ಕಡೆಯವ್ರು ಇದನ್ನ ಆಗು ಜೊತೆ ಹೇಳ್ತೀರಾ ಕೊಡು ಜೊತೆ ಹೇಳ್ತೀರಾ. ಮುಖ್ಯವಾಗಿ ರಾತ್ರಿ ಹೊತ್ತು ಮಳೆ ನಿಂತಾಗ ಹೊಳವಾಯ್ತು ಅನ್ನೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಬೆಳದಿಂಗಳಿದ್ದ ರಾತ್ರಿ ಮಾತ್ರವಾ ಅನ್ನೋದನ್ನೂ ಸೇರಿಸಿ.